ಸೀನಿಗೆ ಹಾರಿಹೋದ ಭೂಮಿ

ಮಕ್ಕಳಿಗೆ ಮನೆಯಲ್ಲೇ ಕಲಿಸುವ ನಾವು ಒಂಬತ್ತು ಕುಟುಂಬದವರು ತಿಂಗಳಿಗೊಮ್ಮೆ ಒಂದು ಕಡೆ ಸೇರುತ್ತೇವೆ. ಆ ತಿಂಗಳ ಉಸ್ತುವಾರಿ ನನ್ನದು. ಹಿಂದಿನ ರಾತ್ರಿಯೇ ಕೂತು ವೇಳಾಪಟ್ಟಿ ಬರೆದೆ. ಹತ್ತಕ್ಕೆ ಪರಿಚಯ, ಹತ್ತೂಕಾಲಿಗೆ ಸೌರಮಂಡಲ, ಹನ್ನೊಂದಕ್ಕೆ ಚಿತ್ರ. ವಯಸ್ಸಿಗೆ ತಕ್ಕ ಹಾಗೆ ಮೂರು ಗುಂಪು ಬೇರೆ. ನನ್ನವರು ಅದನ್ನು ಮೇಲಿಂದ ಕೆಳಗೆ ಓದಿ, "ಗಂಟೆ ಹೊಡೆಯೋಕೆ ಯಾರನ್ನ ಇಟ್ಟಿದ್ದೀಯ?" ಅಂದರು. ಸಿಟ್ಟು ಬಂತು. ಮಾತು ಸರಿಯಾಗಿದ್ದಿದ್ದಕ್ಕೇ ಬಂದ ಸಿಟ್ಟು ಅದು.

ಪರಿಚಯ ಅಂದುಕೊಂಡಷ್ಟೇ ಪೇಲವವಾಗಿ ಮುಗಿಯಿತು. ಮನೆಯಲ್ಲಿ ಬಾಯಿಗೆ ಬಿಡುವೇ ಕೊಡದ ನನ್ನ ಒಂಬತ್ತು ವರ್ಷದ ಮಗಳು ಹೆಸರು ಹೇಳುವುದಕ್ಕೂ ನನ್ನ ಬೆನ್ನ ಹಿಂದೆ ಅಡಗಿದಳು. "ಮನೆಯಲ್ಲೇ ಇದ್ದರೆ ಮಕ್ಕಳು ಬೆರೆಯೋದು ಹೇಗೆ?" ಎಂದು ಸಿಕ್ಕವರೆಲ್ಲ ಕೇಳುವ ಪ್ರಶ್ನೆ ಆಗ ನನ್ನನ್ನೂ ಚುಚ್ಚಿತು.

ಸೌರಮಂಡಲಕ್ಕೆ ನಾನು ಹಿಡಿದ ಅಳತೆ ಸುಲಭದ್ದು: ಒಂದು ಸೆಂಟಿಮೀಟರಿಗೆ ಒಂದು ಲಕ್ಷ ಕಿಲೋಮೀಟರ್. ಆಗ ಸೂರ್ಯ ಸುಮಾರು 14 ಸೆಂ.ಮೀ. ಅಡ್ಡಳತೆಯ ಚೆಂಡು. ಭೂಮಿ ಬರೀ 1.3 ಮಿ.ಮೀ., ಅಂದರೆ ಒಂದು ಮರಳ ಕಾಳು. ಸೂರ್ಯನಿಂದ 15 ಮೀಟರ್ ದೂರ. ಟೇಪು ಹಿಡಿದು ಅಳೆದು, ಐದು ವರ್ಷದ ಒಬ್ಬ ಹುಡುಗನ ಅಂಗೈ ಮೇಲೆ ಆ ಕಾಳನ್ನಿಟ್ಟು, "ಇದು ನಾವೆಲ್ಲ ಇರೋ ಭೂಮಿ, ಜೋಪಾನ" ಅಂದೆ. ಅವನು ಉಸಿರು ಬಿಗಿಹಿಡಿದು ನೋಡಿದ. ಆಮೇಲೆ ಸೀನಿದ.

ಭೂಮಿ ಹೋಯಿತು! ಅವನ ತುಟಿ ನಡುಗಿತು, ಇನ್ನೇನು ಅಳು. ಅಷ್ಟರಲ್ಲಿ ನನ್ನ ಮಗಳು ಮಂಡಿಯೂರಿ ಹುಲ್ಲಿನಲ್ಲಿ ಹುಡುಕತೊಡಗಿದ್ದಳು. ಹದಿಮೂರರ ಹುಡುಗಿಯೊಬ್ಬಳು ಭೂತಗನ್ನಡಿ ತಂದಳು. ಎರಡು ನಿಮಿಷದಲ್ಲಿ ಇಡೀ ದಂಡು ನೆಲಕ್ಕೆ ಮೂಗು ತಾಗಿಸಿತ್ತು. ಮರಳ ಕಾಳು ಸಿಗಲಿಲ್ಲ, ಇರುವೆ ಗೂಡು ಸಿಕ್ಕಿತು. ಅದರ ಮುಂದೆ ಅರ್ಧ ಗಂಟೆ ಹೋಯಿತು. ನನ್ನ ಮೂರು ಗುಂಪುಗಳು ಯಾವಾಗ ಕಲೆತವೋ ಗೊತ್ತಾಗಲಿಲ್ಲ. ಮಗಳು ಆ ಪುಟ್ಟನಿಗೆ ಇರುವೆಗೆ ಎಷ್ಟು ಕಾಲು ಎಂದು ಎಣಿಸಿ ತೋರಿಸುತ್ತಿದ್ದಳು.

ಹಾಗೆಂದು ತಯಾರಿಯೇ ಬೇಡ ಅನ್ನುವವಳಲ್ಲ ನಾನು. ಏನೂ ಇಲ್ಲದೆ ಸೇರಿದ ತಿಂಗಳುಗಳಲ್ಲಿ ದೊಡ್ಡವರು ಹರಟಿದ್ದಾರೆ, ಮಕ್ಕಳು ಮೊಬೈಲಿಗೆ ಜಗಳವಾಡಿದ್ದಾರೆ. ಚೆಂಡು, ಟೇಪು, ಮರಳ ಕಾಳು ಬೇಕು. ಗಂಟೆ ಹೊಡೆಯುವವರು ಬೇಡ, ಅಷ್ಟೆ.

ಕೊನೆಗೆ ಹೊಸ ಭೂಮಿ ಇಟ್ಟು ಮುಂದೆ ನಡೆದೆವು. ಗುರು 78 ಮೀಟರಿಗೆ, ಶನಿ 143ಕ್ಕೆ. ಅಲ್ಲಿಗೆ ಮೈದಾನ ಮುಗಿಯಿತು. ನೆಪ್ಚೂನ್ 450 ಮೀಟರ್ ಆಚೆ, ರಸ್ತೆ ತಿರುವಿನಲ್ಲಿ. ಹತ್ತು ವರ್ಷದ ಹುಡುಗನೊಬ್ಬ ತಾನೇ ನೆಪ್ಚೂನ್ ಆಗುತ್ತೇನೆಂದು ಅಪ್ಪನನ್ನು ಎಳೆದುಕೊಂಡು ಹೋದ.

ನಾವು ಮತ್ತೆ ಇರುವೆಗಳ ಕಡೆ ತಿರುಗಿ ಅವರಿಬ್ಬರನ್ನೂ ಮರೆತೇಬಿಟ್ಟೆವು. ಬಹಳ ಹೊತ್ತಿನ ಮೇಲೆ ಬಿಸಿಲಲ್ಲಿ ಕೆಂಪಾಗಿ ವಾಪಸು ಬಂದವನ ಹತ್ತಿರ ಕ್ಷಮೆ ಕೇಳಿದೆ. ಅವನು ಕೇಳಿದ್ದು ಬೇರೆಯೇ:

"ಆಂಟಿ, ನೆಪ್ಚೂನ್ ಒಂದು ಸುತ್ತು ಬರೋಕೆ ಎಷ್ಟು ದಿನ?"

"ಸುಮಾರು 165 ವರ್ಷ ಕಣೋ."

"ಹಾಗಾದ್ರೆ ನಾನು ಬೇಗ ಬಂದೆ," ಎಂದು ನೀರಿನ ಬಾಟಲಿ ಎತ್ತಿಕೊಂಡ.