ಗೂರ್ಖಾದ ಟಿಕ್ ಟಿಕ್ ಸದ್ದು ಮತ್ತು ಒಂದು ಪ್ಲಾಸ್ಟಿಕ್ ತುಂಡು

ತೋಟಕ್ಕೆ ಎರಡನೇ ಸಲ ಮದ್ದು ಬಿಡುವ ಹೊತ್ತಿಗೆ ಸರಿಯಾಗಿ ನಮ್ಮ ಹಳೆ ಟ್ರಾಕ್ಸ್ ಗೂರ್ಖಾ ಜೀಪು ಕೈಕೊಟ್ಟಿತು. ಆಟಿ ತಿಂಗಳ ಮಳೆ, ಜಾರುವ ಮುರಕಲ್ಲಿನ ದಾರಿ, ಹಿಂದೆ ಎರಡು ಡ್ರಮ್ಮು, ಮೈಲುತುತ್ತಿನ ಮೂಟೆ. ಯಾವಾಗಲೂ ಸೆಕೆಂಡ್ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಲೋ ಗೇರ್ ಹಾಕಿದರೂ ಉಸಿರಿಲ್ಲ.

ಮುನ್ಸೂಚನೆ ಇರಲಿಲ್ಲ ಅಂತ ಹೇಳುವ ಹಾಗಿಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಬಿಳಿ ಹೊಗೆ, ಮೇಲಿನಿಂದ ಟಿಕ್ ಟಿಕ್ ಸದ್ದು. ವಾಲ್ವ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವೆ ಬಿಡುವ ಸಣ್ಣ ಸಂದು) ಸೆಟ್ ಮಾಡಿಸಿದರೆ ಸದ್ದು ನಿಲ್ಲುತ್ತಿತ್ತು, ತಿಂಗಳಲ್ಲಿ ಮತ್ತೆ ಶುರು. ಮೂರು ಸಲ ಹೀಗಾಯಿತು. ಗ್ಯಾಪ್ ಅಷ್ಟು ಬೇಗ ಜಾಸ್ತಿ ಆಗುತ್ತಿದೆ ಅಂದರೆ ಒಳಗೆ ಯಾವುದೋ ಸವೆಯುತ್ತಿದೆ ಅಂತಲೇ ಅರ್ಥ, ಅಲ್ವಾ? ನನಗೆ ಹೊಳೆಯಲಿಲ್ಲ.

ಪೆರ್ಲದ ಇಚ್ಚ (ಊರಿನ ಜೀಪುಗಳೆಲ್ಲ ಕೊನೆಗೆ ಅವರ ಶೆಡ್ಡಿಗೇ ಬರುವುದು) ವಾಲ್ವ್ ಕವರ್ ಬಿಚ್ಚಿ, ವಾಲ್ವುಗಳನ್ನು ತೆರೆಸುವ ದಂಡ, ಅಂದರೆ ಕ್ಯಾಮ್ ಮೇಲೆ ಉಗುರು ಎಳೆದು ನೋಡಿದರು. ಅದರ ಮುಂದಿನ ಉಬ್ಬುಗಳು (ಲೋಬುಗಳು) ಗಾಜಿನ ಹಾಗೆ ನಯ. ಹಿಂದಿನ ನಾಲ್ಕರ ಮೂಗು ಚಪ್ಪಟೆಯಾಗಿ, ಮುರಕಲ್ಲಿನ ಹಾಗೆ ತೂತು ತೂತಾಗಿತ್ತು. ನಾನು ಆಯಿಲ್ ಬದಲಿಸುವುದನ್ನು ತಡ ಮಾಡಿದ್ದೇ ಕಾರಣ ಅಂದುಕೊಂಡು ಸುಮ್ಮನೆ ತಲೆ ತಗ್ಗಿಸಿ ನಿಂತಿದ್ದೆ.

"ಭಟ್ರೇ, ಹೊಸ ಕ್ಯಾಮ್ ಹಾಕುವ, ಅದು ದೊಡ್ಡದಲ್ಲ. ಇದು ಸತ್ತದ್ದು ಯಾಕೆ ಅಂತ ಮೊದಲು ನೋಡುವ" ಅಂದರು.

ಇಂಜಿನ್ ಸ್ಟಾರ್ಟ್ ಆಗದ ಹಾಗೆ ಸ್ಟಾಪ್ ಕೇಬಲ್ ಎಳೆದು ಹಿಡಿದು ಸೆಲ್ಫ್ ಹೊಡೆಯಲು ಹೇಳಿದರು. ಈ ಇಂಜಿನ್‌ನಲ್ಲಿ ಕ್ಯಾಮ್ ಮೇಲೆ ಉದ್ದಕ್ಕೆ ಒಂದು ಸಪೂರ ಪೈಪ್ ಇದೆ, ಅದರ ಸಣ್ಣ ತೂತುಗಳಿಂದ ಒಂದೊಂದು ಲೋಬಿಗೂ ಎಣ್ಣೆ ಬೀಳಬೇಕು. ಮುಂದೆ ಬೀಳುತ್ತಿತ್ತು. ಹಿಂದೆ ಒಂದು ತೊಟ್ಟೂ ಇಲ್ಲ. ನಡುವಿನ ಪ್ಲಾಸ್ಟಿಕ್ ಜಾಯಿಂಟ್ ಸೀಳಿ, ಎಣ್ಣೆಯೆಲ್ಲ ಅಲ್ಲೇ ಬುಳುಬುಳು ಅಂತ ಹೊರಗೆ ಹೋಗುತ್ತಿತ್ತು. ಯಾರೋ ಹಿಂದೆ ಅದನ್ನು ಮುರಿದು ಅಂಟು ಹಚ್ಚಿ ಕೂರಿಸಿದ್ದರು! ಹೆಬ್ಬೆರಳಿನ ಉಗುರಿನಷ್ಟು ಪ್ಲಾಸ್ಟಿಕ್. ಅದನ್ನು ನೋಡದೆ ಕ್ಯಾಮ್ ಮಾತ್ರ ಹಾಕಿದ್ದರೆ ಹೊಸದೂ ಹಾಗೆಯೇ ಹೋಗುತ್ತಿತ್ತು.

ಇಂಜಿನ್ ಮೂಲದಲ್ಲಿ ಮರ್ಸಿಡಿಸ್‌ನದು, ಓಎಂ 616, 1973ರಲ್ಲಿ ಬಂದ 240 ಡಿ ಕಾರಿನದ್ದು. ಕ್ಯಾಮನ್ನು ತಿರುಗಿಸುವುದು ಎರಡು ಸಾಲಿನ ಟೈಮಿಂಗ್ ಚೈನ್. ಜಿಪ್ಸಿ ಇಟ್ಟುಕೊಂಡ ಗೆಳೆಯನಿಗೆ ಚೈನ್ ಬದಲು ಇರುವ ಬೆಲ್ಟಿನ ಚಿಂತೆ, ನನಗೆ ಚೈನ್ ಅಂತ ಧೈರ್ಯ. ಆದರೆ ಚೈನೂ ಎಳೆದುಕೊಂಡು ಉದ್ದವಾಗುತ್ತದೆ. ಕ್ಯಾಮಿನ ಗುರುತು ಅದನ್ನು ಹಿಡಿದಿರುವ ಟವರಿನ ಗೆರೆಗೆ ಕೂತಾಗ ಕೆಳಗೆ ಪುಲ್ಲಿಯಲ್ಲಿ ಸೊನ್ನೆ ತೋರಿಸಬೇಕು. ನಮ್ಮದು 7 ಡಿಗ್ರಿ ದಾಟಿ ನಿಂತಿತ್ತು. ಡೀಸೆಲ್ ಪಂಪನ್ನೂ ತಿರುಗಿಸುವುದು ಇದೇ ಚೈನ್, ಹಾಗಾಗಿ ಡೀಸೆಲ್ ಬೀಳುವುದೂ ತಡ. ಬಿಳಿ ಹೊಗೆ ಬಂದದ್ದು ಅದಕ್ಕೇ.

ಸಾಮಾನು ಮಂಗಳೂರಿನಲ್ಲಿ ಸಿಗಲಿಲ್ಲ, ಪುಣೆಯಿಂದ ಬರಲು ಎಂಟು ದಿನ. ಕ್ಯಾಮ್ ಜೊತೆ ರಾಕರ್ (ಲೋಬಿನ ಒತ್ತನ್ನು ವಾಲ್ವಿಗೆ ಮುಟ್ಟಿಸುವ ತೋಳು) ಸೆಟ್ಟನ್ನೂ ತರಿಸಿದೆವು. ಸವೆದ ರಾಕರ್ ಹೊಸ ಕ್ಯಾಮಿನ ಮೇಲೆ ಕೂತರೆ ಅದನ್ನೂ ತಿಂದು ಹಾಕುತ್ತದೆ. ಬಿಲ್ ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ಅಪ್ಪ ಇದನ್ನು ಓದುತ್ತಾರೆ.

ಚೈನ್ ಹಾಕಿದ ರೀತಿ ನೋಡಲು ಮಜಾ ಇತ್ತು. ಮುಂದಿನ ಕವರ್ ಬಿಚ್ಚಲೇ ಇಲ್ಲ. ಮೊದಲು ಚೈನನ್ನು ತಂತಿಯಲ್ಲಿ ಕಟ್ಟಿಟ್ಟು ಹೊಸ ಕ್ಯಾಮ್ ಕೂರಿಸಿದರು. ರಾಕರ್ ಇನ್ನೂ ಹಾಕಿರಲಿಲ್ಲ, ಹಾಗಾಗಿ ವಾಲ್ವುಗಳೆಲ್ಲ ಮುಚ್ಚಿಯೇ ಇದ್ದವು, ಪಿಸ್ಟನ್‌ಗೆ ಬಡಿಯುವ ಭಯವಿಲ್ಲ. ಚೈನನ್ನು ಬಿಗಿಯಾಗಿಡುವ ಟೆನ್ಷನರ್ ತೆಗೆದು, ಸುತ್ತ ಬಟ್ಟೆ ತುರುಕಿ, ಗ್ರೈಂಡರ್‌ನಲ್ಲಿ ಹಳೆ ಚೈನಿನ ಒಂದು ಕೊಂಡಿಯ ತಲೆ ಸವೆಸಿದರು. ಹೊಸ ಚೈನಿನ ತುದಿಯನ್ನು ಹಳೆಯದರ ತುದಿಗೆ ಸೇರಿಸಿ, ನನ್ನ ಕೈಗೆ 27ರ ಸಾಕೆಟ್ ಕೊಟ್ಟು ಕ್ರ್ಯಾಂಕ್, ಅಂದರೆ ಇಂಜಿನಿನ ಮುಖ್ಯ ದಂಡ ತಿರುಗಿಸು ಅಂದರು. ಗ್ಲೋ ಪ್ಲಗ್ ತೆಗೆದದ್ದರಿಂದ ಒಳಗಿನ ಗಾಳಿ ಆ ತೂತಿನಿಂದ ಹೊರಹೋಗಿ ಹಗುರವಾಗಿತ್ತು. ನಾನು ತಿರುಗಿಸಿದ ಹಾಗೆ ಹೊಸದು ಒಳಗೆ, ಹಳೆಯದು ಹೊರಗೆ. ಎರಡೂ ಕಡೆ ಎಳೆದು ಹಿಡಿಯುವುದು ಇಚ್ಚನ ಕೆಲಸ. ಕೈ ಜಾರಿ ತುದಿ ಕೆಳಗೆ ಬಿದ್ದರೆ ಮುಂದಿನ ಕವರ್ ಬಿಚ್ಚಬೇಕು, ಇಡೀ ದಿನ ಹೋಯಿತು. ಒಮ್ಮೆ ನಾನು ಸ್ವಲ್ಪ ಹಿಂದಕ್ಕೆ ತಿರುಗಿಸಿಬಿಟ್ಟೆ. "ಓಯ್!" ಅಂದದ್ದು ಆಚೆ ಹೋಟೆಲಿಗೂ ಕೇಳಿಸಿರಬೇಕು.

ಕೊಂಡಿ ಸೇರಿಸಿ ರಿವೆಟ್ ಬಡಿದು ಗುರುತು ನೋಡಿದರೆ ಈಗ ಸರಿಯಾಗಿ ಸೊನ್ನೆಗೆ ಕೂತಿತ್ತು. ಹಳೆಯದನ್ನು ಹೊಸ ಚೈನಿನ ಪಕ್ಕ ನೆಲದಲ್ಲಿ ಎಳೆದಿಟ್ಟು ನೋಡಬೇಕಿತ್ತು ಅನ್ನಿಸಿದ್ದು ಆಮೇಲೆ. ರಾಕರ್ ಹಾಕಿ ತಣ್ಣಗಿನ ಇಂಜಿನ್‌ಗೆ ಇನ್‌ಲೆಟ್ 0.10, ಎಕ್ಸಾಸ್ಟ್ 0.30 ಮಿ.ಮೀ. ಗ್ಯಾಪ್ ಇಟ್ಟರು. ಕವರ್ ಮುಚ್ಚುವ ಮೊದಲು ಮತ್ತೆ ಸ್ಟಾಪ್ ಎಳೆದು ಸೆಲ್ಫ್. ಈ ಸಲ ಎಂಟೂ ಕಡೆ ಎಣ್ಣೆ ಜಿನುಗಿತು. ಇಚ್ಚ ಎರಡು ಸಲ ಎಣಿಸಿದರು, ನಾನು ಮೂರು ಸಲ.

ಮಾರನೇ ದಿನ ಮಳೆ ಸ್ವಲ್ಪ ಹೊಳವಾಯಿತು. ಡ್ರಮ್ಮು ಹೇರಿಕೊಂಡು ಸೆಕೆಂಡಿನಲ್ಲೇ ಏರು ಹತ್ತಿದೆ. ಮೇಲೆ ತಲುಪಿದಾಗ ಮದ್ದು ಬಿಡುವವನು ಇನ್ನೂ ಬಂದಿರಲಿಲ್ಲ.