ಮನೆಯವರ ರೆಸ್ಯೂಮೆ ಆಫೀಸಿಗೆ ಕಳಿಸುವ ಮುನ್ನ

‘ನಿಮ್ಮ ಆಫೀಸಲ್ಲಿ ಒಂದು ಮಾತು ಹೇಳಿ ನೋಡು’ ಎಂದು ಮನೆಯಲ್ಲಿ ಸುಲಭವಾಗಿ ಕೇಳಿಬಿಡುತ್ತಾರೆ. ಆಫೀಸಿನಲ್ಲಿ ಆ ಒಂದು ಮಾತಿಗೆ ಎರಡು ಅರ್ಥ. ಒಂದು, ರೆಸ್ಯೂಮೆ ತಲುಪಿಸುವುದು. ಇನ್ನೊಂದು, ‘ಇವನು ಕೆಲಸ ಮಾಡಬಲ್ಲ, ನನಗೆ ಗೊತ್ತು’ ಎಂದು ಹೊಣೆ ಹೊರುವುದು. ಮುಲಾಜಿಗೆ ಬಿದ್ದವರು ಮೊದಲನೆಯದನ್ನು ಮಾಡಲು ಹೋಗಿ ಎರಡನೆಯದನ್ನೂ ಮಾಡಿ ಬರುತ್ತಾರೆ.

ತಮ್ಮನನ್ನು ಹುಟ್ಟಿದಾಗಿನಿಂದ ನೋಡಿರುತ್ತೀರಿ, ಅವನ ಕೆಲಸವನ್ನು ನೋಡಿರುವುದಿಲ್ಲ. ಹಾಗಾಗಿ ರೆಸ್ಯೂಮೆಯನ್ನು ಹೊರಗಿನವರದ್ದು ಎಂಬಂತೆ ಓದಿ. ಹಳೆಯ ಕೆಲಸ ಯಾಕೆ ಬಿಟ್ಟ, ನಡುವೆ ಖಾಲಿ ಇದ್ದ ತಿಂಗಳುಗಳಲ್ಲಿ ಏನು ಮಾಡಿದ, ನೋಟಿಸ್ ಪಿರಿಯಡ್ ಎಷ್ಟು, ಶಿಫ್ಟ್ ಒಪ್ಪುತ್ತಾನಾ ಎಂದು ಕೇಳಿ. ಕೇಳುವುದಕ್ಕೇ ಸಂಕೋಚವಾದರೆ ರೆಫರ್ ಮಾಡದಿರುವುದು, ಅಂದರೆ ಕಂಪನಿಗೆ ಅವನ ಹೆಸರು ಸೂಚಿಸದಿರುವುದು ಮೇಲು.

ನಂತರ ಕಂಪನಿಯ ನಿಯಮ ತೆಗೆದು ನೋಡಿ. ರೆಫರಲ್ ಪಾಲಿಸಿ ಒಂದು ಕಡೆ ಇದ್ದರೆ, ಸಂಬಂಧಿಕರ ನೇಮಕದ ನಿಯಮ ಸಾಮಾನ್ಯವಾಗಿ ನೀತಿ ಸಂಹಿತೆಯೊಳಗೆ, ಹಿತಾಸಕ್ತಿ ಸಂಘರ್ಷದ (ಸ್ವಂತದವರ ಹಿತ ಮತ್ತು ಕಂಪನಿಯ ಹಿತ ಒಂದಕ್ಕೊಂದು ಅಡ್ಡ ಬರುವುದು) ಭಾಗದಲ್ಲಿ ಇರುತ್ತದೆ. ಎರಡನ್ನೂ ಓದಬೇಕು. ‘ಸಂಬಂಧಿಕ’ ಎಂದರೆ ಯಾರು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಭಾವಮೈದ ಒಳಗೆ ಬರಬಹುದು, ಚಿಕ್ಕಪ್ಪನ ಮಗ ಬರದೇ ಇರಬಹುದು. ಒಬ್ಬರ ಕೈಕೆಳಗೆ ಇನ್ನೊಬ್ಬರು ಇರಬಾರದು ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ನೀವು ಅಕೌಂಟ್ಸ್‌ನಲ್ಲಿದ್ದು ಅವರ ತಂಡದ ಬಿಲ್ ಪಾಸ್ ಮಾಡುತ್ತಿದ್ದರೂ, ಆಡಿಟ್ ಅಥವಾ ಪೇರೋಲ್ ನೋಡುತ್ತಿದ್ದರೂ ಅಡ್ಡಿ ಬರಬಹುದು. ರೆಫರಲ್ ಬೋನಸ್ ಇದ್ದರೆ ಅದರ ಷರತ್ತನ್ನೂ ನೋಡಿ: ಕೆಲವು ಕಡೆ ಸಂಬಂಧಿಕರಿಗೆ ಅನ್ವಯಿಸುವುದಿಲ್ಲ, ಅನ್ವಯಿಸಿದರೂ ಅವರು ಸೇರಿ ಇಂತಿಷ್ಟು ತಿಂಗಳು ಉಳಿದ ಮೇಲೆಯೇ ಹಣ.

ಕ್ರಮ ತಪ್ಪುವುದು ಹೆಚ್ಚಾಗಿ ಕಂಪನಿಯ ಅರ್ಜಿ ಪೋರ್ಟಲ್‌ನಲ್ಲಿ. ಉತ್ಸಾಹದಲ್ಲಿ ಅವರೇ ಮೊದಲು ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಿಬಿಟ್ಟರೆ ಆ ಇಮೇಲ್ ವಿಳಾಸ ನೇರ ಅರ್ಜಿಯಾಗಿ ದಾಖಲಾಗುತ್ತದೆ. ಆಮೇಲೆ ನೀವು ಹಾಕಿದ ರೆಫರಲ್ಲನ್ನು ಎಷ್ಟೋ ವ್ಯವಸ್ಥೆಗಳು ತಗೊಳ್ಳುವುದೇ ಇಲ್ಲ. ಆದ್ದರಿಂದ ಹುದ್ದೆಯ ಜಾಬ್ ಐಡಿ ಹಿಡಿದು ನೀವು ಮೊದಲು ಹಾಕಿ, ಬಂದ ಲಿಂಕ್‌ನಿಂದ ಅವರು ಅರ್ಜಿ ತುಂಬಲಿ.

ಫಾರ್ಮ್‌ನಲ್ಲಿ ‘ಪರಿಚಯ ಹೇಗೆ’ ಎಂಬ ಜಾಗದಲ್ಲಿ ‘ಸ್ನೇಹಿತ’ ಎಂದು ಬರೆಯುವ ಜಾಣತನ ಬೇಡ. ಒಂದೇ ಮನೆ ವಿಳಾಸ, ತುರ್ತು ಸಂಪರ್ಕದಲ್ಲಿ ನಿಮ್ಮ ನಂಬರು, ವಿಮೆಯ ಫಾರ್ಮ್‌ನಲ್ಲಿ ಅದೇ ಅಪ್ಪ ಅಮ್ಮ. ಸೇರಿದ ಮೊದಲ ವಾರದಲ್ಲೇ ಗುಟ್ಟು ರಟ್ಟು. ಸಂಬಂಧಿಕರಾಗಿರುವುದು ತಪ್ಪಲ್ಲದ ಕಡೆಯೂ ಮುಚ್ಚಿಟ್ಟಿದ್ದು ತಪ್ಪಾಗುತ್ತದೆ. ಎಚ್‌ಆರ್‌ಗೆ ಇಷ್ಟು ಬರೆದರೆ ಸಾಕು:

‘ಈ ಅಭ್ಯರ್ಥಿ ನನ್ನ ತಮ್ಮ. ಇವರ ಜೊತೆ ನಾನು ಕೆಲಸ ಮಾಡಿಲ್ಲ, ಹಾಗಾಗಿ ಕೌಶಲದ ಬಗ್ಗೆ ಹೇಳಲಾರೆ. ಆಯ್ಕೆಯ ಯಾವ ಹಂತದಲ್ಲೂ ನಾನು ಇರುವುದಿಲ್ಲ.’

ಕಳಿಸಿದ ಮೇಲೆ ಸಂದರ್ಶನದ ಪ್ಯಾನೆಲ್‌ನವರನ್ನು ಕಾಫಿಗೆ ಕರೆದು ‘ಹೇಗೆ ಮಾಡಿದ’ ಎಂದು ಕೇಳಬೇಡಿ. ಸಹಜವಾಗಿ ಕೇಳಿದರೂ ಅದು ಒತ್ತಡವೇ. ಸಂದರ್ಶನದ ಪ್ರಶ್ನೆಗಳನ್ನು ಹೇಳಿಕೊಡುವುದಂತೂ ನಿಮ್ಮ ಕೆಲಸಕ್ಕೇ ಕುತ್ತು. ಹುದ್ದೆಯಲ್ಲಿ ದಿನವಿಡೀ ಏನು ಕೆಲಸ ಇರುತ್ತದೆ ಎಂದು ಮಾತ್ರ ವಿವರಿಸಬಹುದು.

ಮನೆಯಲ್ಲಿ ಮೊದಲೇ ಮೂರು ವಿಷಯ ಬಿಡಿಸಿ ಹೇಳಿ: ಆಯ್ಕೆ ನನ್ನ ಕೈಯಲ್ಲಿಲ್ಲ, ರಿಜೆಕ್ಟ್ ಆದರೆ ಕಾರಣ ನನಗೆ ತಿಳಿಯುವುದಿಲ್ಲ, ಸೇರಿದ ಮೇಲೆ ನಿನ್ನ ಮ್ಯಾನೇಜರ್ ಹತ್ತಿರ ನಿನ್ನ ಪರವಾಗಿ ಮಾತಾಡುವುದಿಲ್ಲ. ಅಭ್ಯರ್ಥಿಗೆ ಹೇಳಿದರೆ ಸಾಲದು, ಅವರ ಪರವಾಗಿ ಫೋನ್ ಮಾಡಿದ ಹಿರಿಯರಿಗೂ ಹೇಳಬೇಕು. ಬೇಸರ ಹೊರಡುವುದು ಹೆಚ್ಚಾಗಿ ಅಲ್ಲಿಂದಲೇ.

ಲೆಕ್ಕ ಹಾಕದೇ ಬಿಡುವ ಸಂಗತಿ ಇನ್ನೊಂದಿದೆ. ಒಂದೇ ಮನೆಯ ಎರಡು ಸಂಬಳ ಒಂದೇ ಕಂಪನಿಯಿಂದ ಬಂದರೆ, ಕಂಪನಿ ಆಳು ಕಡಿಮೆ ಮಾಡುವ ದಿನ ಎರಡೂ ಒಟ್ಟಿಗೆ ಹೋಗಬಹುದು. ಗಂಡ ಹೆಂಡತಿಯ ವಿಷಯದಲ್ಲಿ ಇದೊಂದೇ ಕಾರಣಕ್ಕೆ ಬೇಡ ಎನ್ನಬಹುದು.

ಬೇಡ ಎನ್ನುವುದಿದ್ದರೆ ರೆಸ್ಯೂಮೆ ಕೈಗೆ ಬರುವ ಮೊದಲೇ ಅನ್ನಿ. ‘ಈಗ ಖಾಲಿ ಇಲ್ಲ’ ಎಂಬ ನೆಪ ನಿಲ್ಲುವುದಿಲ್ಲ, ಖಾಲಿ ಹುದ್ದೆಗಳ ಪಟ್ಟಿ ವೆಬ್‌ಸೈಟ್‌ನಲ್ಲೇ ಇರುತ್ತದೆ. ‘ಮನೆಯವರನ್ನು ನಾನಿರುವ ಕಡೆ ರೆಫರ್ ಮಾಡುವುದಿಲ್ಲ, ಬೇರೆ ಕಡೆಗೆ ರೆಸ್ಯೂಮೆ ತಿದ್ದಿಕೊಡುತ್ತೇನೆ’ ಎನ್ನಿ. ಹಾಗೆ ಅಂದವರು ಮುಂದೆ ಬೇರೆ ನೆಂಟರಿಗೂ ಅದನ್ನೇ ಅನ್ನಬೇಕಾಗುತ್ತದೆ, ಅಷ್ಟೇ.