ಮಾಜಿ ಸೈನಿಕರಿಗೆ ಕೊಡುವ ಆದ್ಯತೆ ಗೇಟಿನ ಬಳಿಯೇ ನಿಲ್ಲಬಾರದು

ಬೆಂಗಳೂರಿನ ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಹಲವು ವರ್ಷಗಳಿಂದ ನೇಮಕಾತಿಯ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಖಾಸಗಿ ಕಂಪನಿಗಳ ಜಾಹೀರಾತುಗಳಲ್ಲಿ ‘ಮಾಜಿ ಸೈನಿಕರಿಗೆ ಆದ್ಯತೆ’ ಎಂಬ ಸಾಲು ಹೆಚ್ಚಾಗಿ ಕಾಣಿಸುವುದು ಸೆಕ್ಯುರಿಟಿ ಹುದ್ದೆಗಳ ಕೆಳಗೆ. ಸ್ಟೋರ್ಸ್, ಯಂತ್ರಗಳ ನಿರ್ವಹಣೆ, ಸಾರಿಗೆ, ಅಗ್ನಿ ಸುರಕ್ಷತೆ ಮುಂತಾದ ವಿಭಾಗಗಳ ಜಾಹೀರಾತಿನಲ್ಲಿ ಆ ಸಾಲಿರುವುದಿಲ್ಲ. ಅಲ್ಲಿರುವುದು ಪದವಿ ಕಡ್ಡಾಯ, ವಯಸ್ಸು ಮೂವತ್ತೈದು ಮೀರಿರಬಾರದು, ಇದೇ ಉದ್ಯಮದಲ್ಲಿ ಅನುಭವವಿರಬೇಕು ಎಂಬ ಷರತ್ತುಗಳು. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಸೇನೆಗೆ ಸೇರಿ, ಪಿಂಚಣಿಗೆ ಬೇಕಾದ ಹದಿನೈದು ವರ್ಷಗಳ ಸೇವೆಯನ್ನೋ ಅದಕ್ಕಿಂತ ಹೆಚ್ಚಿನದನ್ನೋ ಮುಗಿಸಿ ಊರಿಗೆ ಮರಳುವ ಸೈನಿಕನ ಅರ್ಜಿ ಈ ಷರತ್ತುಗಳನ್ನು ದಾಟಿ ನಮ್ಮ ಮೇಜಿಗೆ ಬರುವುದೇ ಕಷ್ಟ.

ಸರ್ಕಾರಿ ವಲಯದ ನಿಯಮಗಳು ಸ್ಪಷ್ಟವಾಗಿವೆ. ಕೇಂದ್ರ ಸರ್ಕಾರದ ‘ಸಿ’ ವೃಂದದ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ. 10ರಷ್ಟು ಹುದ್ದೆಗಳು ಮೀಸಲಾಗಿವೆ. ಸಾರ್ವಜನಿಕ ವಲಯದ ಉದ್ಯಮಗಳು ಮತ್ತು ಬ್ಯಾಂಕುಗಳಲ್ಲಿ, ಅಂಗವಿಕಲ ಯೋಧರು ಹಾಗೂ ಹುತಾತ್ಮರ ಅವಲಂಬಿತರ ಪಾಲೂ ಸೇರಿ, ಆ ಪ್ರಮಾಣ ಶೇ. 14.5. ಖಾಸಗಿ ಕಂಪನಿಗಳ ಮೇಲೆ ಇಂಥ ಕಟ್ಟುಪಾಡಿಲ್ಲ. 2005ರ ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯ್ದೆಯು ಸೇನೆ, ಪೊಲೀಸ್, ಗೃಹರಕ್ಷಕ ದಳಗಳಲ್ಲಿದ್ದವರಿಗೆ ಗಾರ್ಡ್ ನೇಮಕಾತಿಯಲ್ಲಿ ಆದ್ಯತೆ ಕೊಡಬಹುದು ಎನ್ನುತ್ತದೆ, ಅಷ್ಟೇ. ಉಳಿದುದೆಲ್ಲ ಕಂಪನಿಯ ಇಚ್ಛೆಗೆ, ಅಂದರೆ ನನ್ನಂತೆ ಜಾಹೀರಾತು ಬರೆಯುವವರ ವಿವೇಚನೆಗೆ ಬಿಟ್ಟದ್ದು. ಆದ್ದರಿಂದಲೇ ಈ ಜವಾಬ್ದಾರಿ ದೊಡ್ಡದೆಂದು ನಾನು ನಂಬಿದ್ದೇನೆ.

ಗೋಕಾಕ ಕಡೆಯ ನಿವೃತ್ತ ಹವಾಲ್ದಾರರೊಬ್ಬರು ಗಾರ್ಡ್ ಹುದ್ದೆಗೆಂದು ನಮ್ಮಲ್ಲಿಗೆ ಬಂದಿದ್ದರು. ಅವರ ಡಿಸ್ಚಾರ್ಜ್ ಬುಕ್ಕಿನಲ್ಲಿ ಸೇವಾವಧಿ, ದರ್ಜೆ, ವೈದ್ಯಕೀಯ ವರ್ಗ, ನಡತೆಯ ಷರಾ ಇವುಗಳ ಜೊತೆಗೆ ಟ್ರೇಡ್, ಅಂದರೆ ಸೇನೆಯಲ್ಲಿ ಮಾಡುತ್ತಿದ್ದ ಕೆಲಸದ ವಿಭಾಗ, ಎಂಬ ಜಾಗದಲ್ಲಿ ‘ಸ್ಟೋರ್‌ಕೀಪರ್ ಟೆಕ್ನಿಕಲ್’ ಎಂದಿತ್ತು. ನಿಮ್ಮ ಕೆಲಸ ಏನಿತ್ತು ಎಂದು ಕೇಳಿದಾಗ ಅವರು ಘಟಕದ ಹೆಸರು ಹೇಳಿ ಸುಮ್ಮನಾದರು. ವಾಹನದ ಬಿಡಿಭಾಗಗಳ ಲೆಕ್ಕ ಯಾರಿಡುತ್ತಿದ್ದರು, ತಪಾಸಣೆಗೆ ಬಂದವರು ಏನೇನು ನೋಡುತ್ತಿದ್ದರು ಎಂದು ಬಿಡಿಸಿ ಕೇಳಿದ ಮೇಲೆ, ‘ಅದೆಲ್ಲಾ ನನ್ನ ಕೈಯಾಗ ಇತ್ರಿ ಸರ್, ಒಂದು ಬೋಲ್ಟ್ ಕಡಿಮಿ ಬಂದ್ರೂ ನಾನೇ ಉತ್ತರ ಕೊಡಬೇಕಿತ್ರಿ’ ಎಂದರು. ಅದೇ ವೇಳೆಗೆ ನಮ್ಮ ಸ್ಟೋರ್ಸ್‌ನಲ್ಲಿ ಮೇಲ್ವಿಚಾರಕರ ಹುದ್ದೆ ಖಾಲಿ ಇತ್ತು. ವಿಭಾಗದ ಮುಖ್ಯಸ್ಥರು ಪದವಿಯ ಷರತ್ತನ್ನು ಮುಂದಿಟ್ಟರು. ಹತ್ತನೇ ತರಗತಿ ಮುಗಿಸಿ ಹದಿನೈದು ವರ್ಷ ಸೇವೆ ಸಲ್ಲಿಸಿದವರನ್ನು, ಪದವಿ ಕೇಳುವ ‘ಸಿ’ ವೃಂದದ ಹುದ್ದೆಗಳಿಗೂ ಕೇಂದ್ರ ಸರ್ಕಾರ ಪರಿಗಣಿಸುತ್ತದೆ ಎಂಬ ನಿಯಮವನ್ನು ತೋರಿಸಿದಾಗ ಅವರು ಒಪ್ಪಿದರು.

ಸೈನಿಕರು ನಿಯಮ ಬಿಟ್ಟು ಕದಲುವುದಿಲ್ಲ, ಕಾರ್ಖಾನೆಯ ಅವಸರಕ್ಕೆ ಅವರು ಹೊಂದುವುದಿಲ್ಲ ಎಂಬ ಮಾತನ್ನು ಸಂದರ್ಶನ ಮಂಡಳಿಗಳಲ್ಲಿ ಬಹಳ ಸಲ ಕೇಳಿದ್ದೇನೆ. ರಾತ್ರಿ ಪಾಳಿಯಲ್ಲಿ ಯಂತ್ರ ನಿಂತಾಗ ಫೋರ್‌ಮನ್ ಇಂಡೆಂಟ್ (ಸಾಮಾನು ಕೇಳುವ ಬೇಡಿಕೆ ಚೀಟಿ) ಇಲ್ಲದೆ ಬೇರಿಂಗ್ ಒಯ್ದು, ಬೆಳಿಗ್ಗೆ ಕಾಗದ ಕೊಡುತ್ತೇನೆಂದು ಹೇಳಿ ಮರೆಯುವುದು ನಮ್ಮಲ್ಲಿ ಹಳೆಯ ರೂಢಿ. ಈ ಹವಾಲ್ದಾರರು ಬೇರಿಂಗ್ ಕೊಡಲು ಒಮ್ಮೆಯೂ ತಡೆಯಲಿಲ್ಲ. ಅವರು ಕಿಟಕಿಯ ಪಕ್ಕದಲ್ಲಿ ತಾತ್ಕಾಲಿಕ ವಿತರಣೆಯ ಪುಸ್ತಕವೊಂದನ್ನಿಟ್ಟು, ಒಯ್ದವರ ಸಹಿ ಮತ್ತು ಸಮಯ ಬರೆಸಿಕೊಂಡು, ಪಾಳಿ ಮುಗಿಯುವ ಮೊದಲು ತಾವೇ ಶಾಪ್ ಫ್ಲೋರಿಗೆ ಹೋಗಿ ಇಂಡೆಂಟ್ ಪಡೆದು, ಪ್ರತಿ ಸಾಮಾನಿನ ದಾಸ್ತಾನು ಬರೆದಿಡುವ ಬಿನ್ ಕಾರ್ಡ್‌ನಲ್ಲಿ ಅಂಕಿ ತಿದ್ದುತ್ತಿದ್ದರು. ವರ್ಷಾಂತ್ಯದ ದಾಸ್ತಾನು ಎಣಿಕೆಯಲ್ಲಿ ಪುಸ್ತಕದ ಲೆಕ್ಕಕ್ಕೂ ಕಪಾಟಿನ ಲೆಕ್ಕಕ್ಕೂ ತಾಳೆಯಾದಾಗ ಲೆಕ್ಕಪತ್ರ ವಿಭಾಗದವರೇ ಅವರನ್ನು ಹುಡುಕಿಕೊಂಡು ಹೋಗಿ ಅಭಿನಂದಿಸಿದರು.

ಆಮೇಲೆ ನಮ್ಮ ನಿಯಮಗಳನ್ನು ಬದಲಿಸಿದೆವು. ಕೇಂದ್ರ ಸರ್ಕಾರದ ನೇಮಕಾತಿಯಲ್ಲಿ ಮಾಜಿ ಸೈನಿಕರ ವಯಸ್ಸಿನಿಂದ ಸೇನೆಯ ಸೇವಾವಧಿಯನ್ನು ಕಳೆದು, ಇನ್ನೂ ಮೂರು ವರ್ಷ ಕಳೆಯುವ ಪದ್ಧತಿಯಿದೆ. ನಾವೂ ಅದನ್ನೇ ಅಳವಡಿಸಿಕೊಂಡೆವು. ಹುದ್ದೆಯ ವಿವರದಲ್ಲಿ ಸೇನೆಯ ಯಾವ ಟ್ರೇಡ್ ಈ ಕೆಲಸಕ್ಕೆ ಹೊಂದುತ್ತದೆಂದು ನಮೂದಿಸಿ, ಅದನ್ನು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗಳಿಗೂ ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯಕ್ಕೂ ಕಳುಹಿಸುತ್ತೇವೆ. ಕೆಲಸಕ್ಕೆ ಬೇಕಾದ ಸಾಮರ್ಥ್ಯದಲ್ಲಿ ರಿಯಾಯಿತಿಯಿಲ್ಲ. ಇಬ್ಬರು ಅಭ್ಯರ್ಥಿಗಳು ಸಮನಾಗಿ ನಿಂತಾಗ ಮಾಜಿ ಸೈನಿಕರು ಮೊದಲು, ಇಷ್ಟೇ ನಮ್ಮ ಆದ್ಯತೆಯ ಅರ್ಥ. ಅದಕ್ಕಿಂತ ಹೆಚ್ಚಿನದನ್ನು ನಮ್ಮಲ್ಲಿಗೆ ಬಂದ ಯಾವ ಸೈನಿಕರೂ ಕೇಳಿಲ್ಲ.

ಸಂಬಳದ ವಿಷಯದಲ್ಲಿ ಮಾತ್ರ ನಾನು ಯಾವ ರಾಜಿಗೂ ಒಪ್ಪುವುದಿಲ್ಲ. ಪಿಂಚಣಿ ಬರುತ್ತದಲ್ಲ, ಸ್ವಲ್ಪ ಕಡಿಮೆ ಕೊಟ್ಟರೂ ಬರುತ್ತಾರೆ ಎನ್ನುವವರು ಪ್ರತಿ ಕಂಪನಿಯಲ್ಲೂ ಸಿಗುತ್ತಾರೆ. ಪಿಂಚಣಿ ಆ ವ್ಯಕ್ತಿ ಸೇನೆಯಲ್ಲಿ ಮಾಡಿ ಮುಗಿಸಿದ ಸೇವೆಗೆ ದೇಶ ಕೊಡುವ ಹಣ. ನಮ್ಮ ಸ್ಟೋರ್ಸ್‌ನಲ್ಲಿ ಅವರು ಮಾಡುವ ಕೆಲಸಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಅರ್ಜಿ ನಮೂನೆಯಲ್ಲಿದ್ದ ಪಿಂಚಣಿಯ ಮೊತ್ತದ ಕಾಲಂ ಅನ್ನು ಈಗ ತೆಗೆದುಹಾಕಿದ್ದೇವೆ.

ಸೇರಿದವರೆಲ್ಲ ಉಳಿದಿಲ್ಲ. ಬೆಳಗಾವಿ, ಕೊಡಗು, ಬಾಗಲಕೋಟೆಗಳಿಂದ ಬಂದವರಲ್ಲಿ ಕೆಲವರು ಬೆಂಗಳೂರಿನ ಬಾಡಿಗೆಗಿಂತಲೂ ಹೆಚ್ಚಾಗಿ ಮನೆಯವರಿಂದ ಮತ್ತೆ ದೂರವಿರುವುದನ್ನು ಸಹಿಸಲಾಗದೆ ಕೆಲಸ ಬಿಟ್ಟರು. ಅಷ್ಟು ವರ್ಷ ಗಡಿಯಲ್ಲಿದ್ದು ಮಕ್ಕಳ ಬಾಲ್ಯವನ್ನೇ ಕಾಣದವರು ಹಾಗೆ ತೀರ್ಮಾನಿಸುವುದು ಸಹಜ. ಹುಬ್ಬಳ್ಳಿಯ ನಮ್ಮ ಗೋದಾಮಿನ ಹುದ್ದೆಗಳನ್ನು ಈಗ ಮೊದಲು ಆ ಭಾಗದ ಸೈನಿಕ ಕಲ್ಯಾಣ ಕಚೇರಿಗಳಿಗೇ ತಿಳಿಸುತ್ತೇವೆ.

ಇನ್ನು ಅಗ್ನಿವೀರರ ಮಾತು. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷಗಳ ನಂತರ ಸೇನೆಯಲ್ಲಿ ಮುಂದುವರಿಯುವವರು ಗರಿಷ್ಠ ಶೇ. 25. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿಯೊಂದಿಗೆ, ಪಿಂಚಣಿಯಿಲ್ಲದೆ, ಇಪ್ಪತ್ತೈದರ ಆಸುಪಾಸಿನಲ್ಲಿ ಹೊರಬರುತ್ತಾರೆ. ವಯೋಮಿತಿ ಅವರಿಗೆ ಅಡ್ಡಿಯಾಗದು. ಆದರೆ ಹವಾಲ್ದಾರರೊಬ್ಬರಿಗಿರುವ ದೀರ್ಘ ಅನುಭವವನ್ನು ಅವರಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಅವರನ್ನು ಟ್ರೈನಿಗಳಾಗಿ ತೆಗೆದುಕೊಂಡು, ತಾಂತ್ರಿಕ ಟ್ರೇಡಿನಲ್ಲಿದ್ದವರ ನಾಲ್ಕು ವರ್ಷಗಳನ್ನೂ ಪೂರ್ಣ ಅನುಭವವೆಂದು ಎಣಿಸಿ ಸಂಬಳ ನಿಗದಿ ಮಾಡಬೇಕೆಂದು ನಾನು ಪ್ರಸ್ತಾವ ಬರೆದಿದ್ದೇನೆ. ಸಾಮಾನ್ಯ ಕರ್ತವ್ಯದಲ್ಲಿದ್ದವರ ಸೇವೆಯನ್ನು ಎಷ್ಟೆಂದು ಎಣಿಸಬೇಕು ಎಂಬುದರ ಬಗ್ಗೆ ಉತ್ಪಾದನಾ ವಿಭಾಗದವರಿಗೂ ನನಗೂ ಇನ್ನೂ ಒಮ್ಮತವಾಗಿಲ್ಲ. ಎರಡು ವರ್ಷಕ್ಕಿಂತ ಕಡಿಮೆ ಎಣಿಸಲು ನಾನು ಒಪ್ಪಿಲ್ಲ.